ಶುಕ್ರವಾರದ ಕನ್ಫರ್ಮು

ಮಲೇಷ್ಯಾಕ್ಕೆ ವಿಮಾನ ಹತ್ತುವ ಮೊದಲೇ ರಾಮದಾಸರು ಒಂದು ಭೀಷ್ಮ ಪ್ರತಿಜ್ಞೆ ಮಾಡಿದ್ದರು. ಅಲ್ಲಿನ ಅನ್ನ ಉಣ್ಣುತ್ತೇನೆ, ಅಲ್ಲಿನ ನೀರು ಕುಡಿಯುತ್ತೇನೆ, ಆದರೆ ಅಲ್ಲಿನ ಇಂಗ್ಲಿಷನ್ನು ಮಾತ್ರ ನಾಲಗೆಗೆ ಸೋಕಿಸುವುದಿಲ್ಲ! ಮೈಸೂರಿನ ಸಾಗಣೆ ಕಂಪನಿಯಲ್ಲಿದ್ದಾಗ ಅವರ ಕೈಯಲ್ಲಿ ತಿದ್ದಿಸಿಕೊಳ್ಳದೆ ಒಂದು ರಜಾ ಅರ್ಜಿಯೂ ಟೇಬಲ್ಲು ದಾಟುತ್ತಿರಲಿಲ್ಲ. ಹೊಟ್ಟೆನೋವೆಂದು ಬರೆದವನಿಗೆ ಮೊದಲು ಕಾಮಾ ಕೊಟ್ಟು, ಆಮೇಲೆ ರಜೆ ಕೊಡುತ್ತಿದ್ದರು. ಬೀಳ್ಕೊಡುಗೆಯ ದಿನ ಮೇಲಧಿಕಾರಿಯ ಭಾಷಣದಲ್ಲೂ ಎರಡು ತಪ್ಪು ತೋರಿಸಿಯೇ ಹಾರ ಹಾಕಿಸಿಕೊಂಡಿದ್ದರು. ಅಲ್ಲಿಗೆ ವಾಪಸಾಗುವ ದಾರಿ ಆವತ್ತೇ ಮುಚ್ಚಿಹೋಗಿತ್ತು.

ಈಗ ಅವರ ಕೆಲಸ ಕ್ಲಾಂಗ್ ಬಂದರಿನ ಪಕ್ಕದ ಒಂದು ಕಂಟೇನರ್ ಸಾಗಣೆ ಕಂಪನಿಯಲ್ಲಿ, ಮನೆ ಪುಚೊಂಗ್‌ನಲ್ಲಿ. ಆರು ತಿಂಗಳ ಪ್ರೊಬೇಷನ್ನು ಈ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಕನ್ಫರ್ಮ್ ಆದರೆ ಕೆಲಸ ಖಾಯಂ, ಮಗಳು ಸಮೀಕ್ಷಾಳ ಶಾಲೆ ಖಾಯಂ, ಮೈಸೂರಿನ ನೆಂಟರ ಮುಂದೆ ಮೂಗು ಖಾಯಂ. ಆಗದಿದ್ದರೆ ಇಲ್ಲಿ ಕೆಲಸ ಮಾಡುವ ಪಾಸು ರದ್ದಾಗಿ ಗಂಟುಮೂಟೆ ಕಟ್ಟಬೇಕು. ಇದನ್ನು ನೆನೆದು ರಾಮದಾಸರ ಪತ್ನಿ ವಾರಿಜಾಕ್ಷಿಯವರಿಗೆ ನಿದ್ದೆಯೇ ಬರುತ್ತಿರಲಿಲ್ಲ. ದಿನವೂ ಬಾಗಿಲು ತೆಗೆಯುತ್ತಲೇ ಕೇಳುತ್ತಿದ್ದರು.

"ಏನಂತ್ರೀ, ಕನ್ಫರ್ಮಾ?"

"ಅವರಾಗೇ ಹೇಳ್ತಾರೆ ಕಣೇ. ನಾವಾಗಿ ಕೇಳೋದು ಮರ್ಯಾದೆಯಲ್ಲ."

"ಸರಿ, ಮರ್ಯಾದೆ ಸೂಟ್‌ಕೇಸಲ್ಲಿ ಇಟ್ಕೊಂಡು ವಿಮಾನ ಹತ್ತೋಣ."

ಈ ಮಾತು ನಾಟಿತು. ಸೋಮವಾರ ರಾಮದಾಸರು ಧೈರ್ಯ ಮಾಡಿ ಮ್ಯಾನೇಜರ್ ಟಾನ್ ಅವರನ್ನು ಲಿಫ್ಟಿನ ಬಳಿ ಹಿಡಿದರು. ಟಾನ್ ಇಲ್ಲಿಯವರೇ, ಚೀನೀ ಮನೆತನದವರು. ಎರಡು ಕೈಯಲ್ಲಿ ಎರಡು ಫೋನು ಹಿಡಿದು, ಎರಡರಲ್ಲೂ ಒಂದೊಂದೇ ಪದದ ಉತ್ತರ ಕೊಡುವ ಮನುಷ್ಯ. ಅಂಥವರನ್ನು "ನನ್ನ ಕೆಲಸ ಖಾಯಂ ಮಾಡ್ತೀರಾ?" ಎಂದು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ಆದರೆ ಹಾಗೆ ಬೋಳುಬೋಳಾಗಿ ಕೇಳುವುದು ರಾಮದಾಸರ ಜಾಯಮಾನವಲ್ಲ. ಶುಕ್ರವಾರದ ಆ ವಿಷಯವು ಈ ಮೊದಲು ಉದ್ದೇಶಿಸಿದಂತೆಯೇ ನೆರವೇರುವುದೆಂದು ತಾವು ಭಾವಿಸಬಹುದೇ ಎಂಬರ್ಥದ, ನಡುವೆ ಎರಡು ಕಡೆ ಉಸಿರು ತೆಗೆದುಕೊಳ್ಳಬೇಕಾದಷ್ಟು ಉದ್ದದ ಇಂಗ್ಲಿಷ್ ವಾಕ್ಯವನ್ನು ಅವರು ಒಪ್ಪಿಸಿದರು.

ಟಾನ್ ಕಿವಿಗೆ ಬಿದ್ದದ್ದು ಶುಕ್ರವಾರ ಎಂಬುದೊಂದೇ.

"ಫ್ರೈಡೇ ಆ? ಕನ್ಫರ್ಮ್ ಲಾ. ಯು ಕಮ್ ಹಂಗ್ರಿ, ಓಕೆ?"

ಲಿಫ್ಟು ಮುಚ್ಚಿತು. ರಾಮದಾಸರ ಕಣ್ಣಲ್ಲಿ ನೀರು ಬಂತು. 'ಹಂಗ್ರಿ' ಎಂಬ ಮಾತನ್ನೂ ಅವರು ಬಿಡಲಿಲ್ಲ. ಇಂದಿನ ಕಂಪನಿಗಳು ನೌಕರನಲ್ಲಿ ಹುಡುಕುವುದು ಹಸಿವನ್ನೇ ಅಲ್ಲವೇ, ಸಾಧಿಸುವ ಹಸಿವನ್ನು. ಅದು ತಮ್ಮಲ್ಲಿ ಧಾರಾಳವಾಗಿ ಇರುವುದನ್ನು ಟಾನ್ ಗುರುತಿಸಿದ್ದಾರೆ ಎಂದು ಅರ್ಥ ಮಾಡಿಕೊಂಡರು.

ಅಸಲು ಸಂಗತಿ ಬೇರೆಯೇ ಇತ್ತು. ಶುಕ್ರವಾರ ಮಧ್ಯಾಹ್ನ ಆಫೀಸಿನಲ್ಲಿ ಡುರಿಯನ್ ಹಣ್ಣಿನ ಔತಣವಿತ್ತು. ಹಲಸಿನ ತಮ್ಮನಂತಿರುವ, ಹಲಸನ್ನೂ ನಾಚಿಸುವ ವಾಸನೆಯ ಹಣ್ಣದು. ಹೊಟ್ಟೆ ಹಸಿದುಕೊಂಡು ಬನ್ನಿ ಎಂದು ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಟಾನ್ ಎಲ್ಲರನ್ನೂ ಕರೆದಿದ್ದರು. ಆ ಗುಂಪಿನ ವ್ಯಾಕರಣ ಕಣ್ಣಿಗೆ ಚುಚ್ಚುತ್ತದೆಂದು ರಾಮದಾಸರು ಅದನ್ನು ಸೇರಿದ ವಾರವೇ ಮ್ಯೂಟ್ ಮಾಡಿ, ಮತ್ತೆ ತೆರೆದು ನೋಡಿರಲಿಲ್ಲ.

ಸೋಮವಾರ ಸಂಜೆ ಬಾಗಿಲು ತೆಗೆದ ವಾರಿಜಾಕ್ಷಿಯವರಿಗೆ ಪ್ರಶ್ನೆ ಕೇಳಲೂ ಅವಕಾಶ ಸಿಗಲಿಲ್ಲ.

"ಕನ್ಫರ್ಮ್ ಆಯ್ತು ಕಣೇ. ಸ್ವತಃ ಟಾನ್ ಹೇಳಿದ್ರು."

"ಹೇಗೆ ಹೇಳಿದ್ರು? ಬರೀ ಕನ್ಫರ್ಮ್ ಅಂದ್ರಾ, ಕನ್ಫರ್ಮ್ ಲಾ ಅಂದ್ರಾ?"

"ಲಾ ಅಂದ್ರು. ಇಲ್ಲಿಯವರು ಎಲ್ಲ ಮಾತಿಗೂ ಅದನ್ನ ಅಂಟಿಸ್ತಾರೆ. ಅದೇನಾಗ್ಬೇಕು ಈಗ?"

ವಾರಿಜಾಕ್ಷಿಯವರ ಮುಖ ಸಣ್ಣದಾಯಿತು. ಆರು ತಿಂಗಳಿಂದ ಮಾರ್ಕೆಟ್ಟು, ಅಂಗಡಿ, ರಿಪೇರಿಯವರೊಂದಿಗೆ ಏಗುತ್ತಿದ್ದವರು ಅವರು.

"ಪರಂಗಿ ಹಣ್ಣಿನವನು ಕನ್ಫರ್ಮ್ ಸ್ವೀಟ್ ಅಂದ. ಸೌತೆಕಾಯಿ ತಿಂದ ಹಾಗಿತ್ತು. ನಲ್ಲಿ ರಿಪೇರಿಯವನು ಟುಮಾರೋ ಕನ್ಫರ್ಮ್ ಲಾ ಅಂತ ಹೇಳಿ ತಿಂಗಳಾಗ್ತಾ ಬಂತು. ಸಿಂಕಿನ ಕೆಳಗೆ ಬಕೆಟ್ ಇಟ್ಕೊಂಡು ಕೂತಿದೀನಿ. ಇಲ್ಲಿ ಕನ್ಫರ್ಮ್ ಅಂದ್ರೆ ನಮ್ಮ ಕಡೆ 'ನೋಡೋಣ ಬಿಡಿ' ಅಂತಾರಲ್ಲ, ಅದು ಕಣ್ರೀ."

"ಅಪ್ಪಾ, ಇಟ್ ಜಸ್ಟ್ ಮೀನ್ಸ್, ಲೈಕ್, ಶ್ಯೂರ್ ಶ್ಯೂರ್," ಎಂದಳು ಸಮೀಕ್ಷಾ, ಫೋನಿನಿಂದ ತಲೆಯೆತ್ತದೆ.

"ಪರಂಗಿ ಮಾರೋನಿಗೂ ಮ್ಯಾನೇಜರಿಗೂ ವ್ಯತ್ಯಾಸ ಬೇಡ್ವಾ? ಕನ್ಫರ್ಮ್ ಅನ್ನೋದು ಲ್ಯಾಟಿನ್‌ನಿಂದ ಬಂದ ಪದ. ಅದರ ಒಳಗೇ ಫರ್ಮ್ ಇದೆ. ಫರ್ಮ್ ಅಂದ್ರೆ ಗಟ್ಟಿ."

"ಫರ್ಮು ಅವರದು. ಗಟ್ಟಿ ಯಾವುದು, ಪೊಳ್ಳು ಯಾವುದು ಅಂತ ಅವರೇ ಹೇಳ್ಬೇಕು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ಬೇಡಿ, ಅಷ್ಟೇ ನಾನು ಹೇಳೋದು."

ರಾಮದಾಸರು ಕುಲಾವಿಯನ್ನಷ್ಟೇ ಅಲ್ಲ, ತೊಟ್ಟಿಲನ್ನೂ ತರಿಸಿದರು. ಮಂಗಳವಾರ ಮನೆಯ ಯಜಮಾನಿಯನ್ನು ಕರೆಸಿ ಬಾಡಿಗೆ ಕರಾರನ್ನು ಎರಡು ವರ್ಷಕ್ಕೆ ಮುಂದುವರಿಸಿ ಸಹಿ ಹಾಕಿದರು. ಬುಧವಾರ ಬೆಳಿಗ್ಗೆ, ಭಟ್ಕಳದ ನಝೀರ್ ಅವರಿಗೆ ಕಾರಿನಲ್ಲಿ ವಿಷಯ ತಿಳಿಸಿದರು. ನಝೀರ್ ಬಂದರಿನಲ್ಲೇ ಎಂಜಿನಿಯರು, ಪುಚೊಂಗ್‌ನಿಂದ ಒಮ್ಮೊಮ್ಮೆ ಜೊತೆಗೆ ಬರುವವರು.

"ಹೌದಾ ಮಾರಾಯ್ರೆ? ಹಾಗಾದ್ರೆ ಊಟ ಯಾವಾಗ?"

"ಶುಕ್ರವಾರ ಸಂಜೆಗೇ ಬಂದ್ಬಿಡಿ. ನಿಮ್ಮ ಮನೆಯವ್ರನ್ನೂ ಕರ್ಕೊಂಡು ಬನ್ನಿ."

ನಝೀರ್ ಒಳ್ಳೆಯ ಮನುಷ್ಯ. ಒಬ್ಬರೇ ಸಂತೋಷಪಡುವುದು ಸರಿಯಲ್ಲವೆಂದು ಕನ್ನಡಿಗರ ಗುಂಪಿಗೆ ಸುದ್ದಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ದೂರದ ಮಾಂಟ್ ಕಿಯಾರಾದಿಂದಲೂ ಜನ ಬರುವುದಾಗಿ ತಿಳಿಸಿದರು. ವಾರಿಜಾಕ್ಷಿಯವರು ಫೋನಿನಲ್ಲಿ ಹೆಚ್ಚೇನೂ ಹೇಳಲಿಲ್ಲ.

"ಕನ್ಫರ್ಮ್ ಆಗೋರು ನೀವು, ಕಣಕ ಕಲಸೋಳು ನಾನು. ಬರ್ತಾ ಕಡಲೆಬೇಳೆ ತನ್ನಿ."

ಗುರುವಾರದ ಹೊತ್ತಿಗೆ ರಾಮದಾಸರು ಖಾಯಂ ನೌಕರರ ಗತ್ತಿನಲ್ಲೇ ನಡೆಯತೊಡಗಿದ್ದರು. ಇಷ್ಟು ದಿನ ತಡೆದುಕೊಂಡಿದ್ದ ವ್ಯಾಕರಣಪ್ರಜ್ಞೆ ಕಟ್ಟೆಯೊಡೆಯಿತು. ಈಪೋ ಊರಿನ ಗಿರಾಕಿಯೊಬ್ಬರಿಗೆ ಅವರು, ಬದಲಾದ ದಿನಾಂಕ ತಮಗೆ ಒಪ್ಪಿಗೆಯೇ ಎಂದು ದಯವಿಟ್ಟು ಕನ್ಫರ್ಮ್ ಮಾಡಬೇಕೆಂದು ಸೊಗಸಾದ ಪತ್ರ ಬರೆದರು. ತಕ್ಷಣ ಉತ್ತರ ಬಂತು. "ಕ್ಯಾನ್." ಅಷ್ಟೇ. ಹಿಂದಿಲ್ಲ, ಮುಂದಿಲ್ಲ.

ಬೇರೆಯವರಾಗಿದ್ದರೆ ಅದನ್ನು 'ಆಗಲಿ' ಎಂದು ತಿಳಿದು ಕಂಟೇನರನ್ನು ಹಡಗಿಗೆ ಹತ್ತಿಸಿ ಟೀ ಕುಡಿಯಲು ಹೋಗುತ್ತಿದ್ದರು. ರಾಮದಾಸರಿಗೆ ಸಂಕಟವಾಯಿತು. ಕ್ಯಾನ್ ಎಂಬುದು ಸಹಾಯಕ ಕ್ರಿಯಾಪದ. ಅದು ಯಾರಿಗೆ ಸಹಾಯ ಮಾಡಬೇಕು? ಕರ್ತೃವೆಲ್ಲಿ, ಕರ್ಮವೆಲ್ಲಿ? ಇದನ್ನೆಲ್ಲ ವಿವರಿಸಿ, ಪೂರ್ಣ ವಾಕ್ಯದಲ್ಲಿ ಕನ್ಫರ್ಮ್ ಮಾಡಬೇಕೆಂದು ಕೋರಿ ಮತ್ತೆ ಬರೆದರು. ಗಿರಾಕಿ "ಕ್ಯಾನ್ ಕ್ಯಾನ್" ಎಂದು ಬರೆದರು. ಕ್ರಿಯಾಪದ ಎರಡಾದ ಮಾತ್ರಕ್ಕೆ ಕರ್ತೃ ಹುಟ್ಟುವುದಿಲ್ಲವೆಂದು ರಾಮದಾಸರು ಕಾದರು. ಹಡಗು ಕಾಯಲಿಲ್ಲ. ಕಂಟೇನರು ಬಂದರಿನಲ್ಲೇ ಉಳಿಯಿತು.

ಶುಕ್ರವಾರ ರಾಮದಾಸರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದೊಡ್ಡ ಡಬ್ಬದ ತುಂಬ ಮೈಸೂರುಪಾಕು ಹೊತ್ತು ಆಫೀಸಿಗೆ ಹೋದರು. ಮಧ್ಯಾಹ್ನ ಊಟದ ಕೋಣೆಯಿಂದ ಒಂದು ವಾಸನೆ ಹೊರಟಿತು. ಗ್ಯಾಸ್ ಸೋರುತ್ತಿದೆ ಎಂದು ಮೂಗು ಮುಚ್ಚಿಕೊಂಡು ಒಳಗೆ ಹೋದರೆ, ಇಡೀ ಆಫೀಸು ಮೇಜಿನ ಸುತ್ತ ನಿಂತು ಮುಳ್ಳಿನ ಹಣ್ಣು ಸೀಳಿ ತಿನ್ನುತ್ತಿತ್ತು. ಪರವಾಗಿಲ್ಲ, ಎಲ್ಲರೂ ಒಂದೇ ಕಡೆ ಸಿಕ್ಕರಲ್ಲ ಎಂದು ರಾಮದಾಸರು ಡಬ್ಬ ತೆರೆದು ಹಂಚತೊಡಗಿದರು.

"ವಾ, ಯುವರ್ ಬರ್ತ್‌ಡೇ ಆ?" ಎಂದರು ಟಾನ್.

"ನೋ ಸರ್. ಮೈ ಕನ್ಫರ್ಮೇಷನ್."

"ಹೂ ಸೇ?"

"ಯು, ಸರ್. ಮಂಡೇ. ಲಿಫ್ಟ್ ಹತ್ತಿರ..." ಗಾಬರಿಯಲ್ಲಿ ವಾಕ್ಯದ ಬಾಲ ಕನ್ನಡಕ್ಕೆ ತಿರುಗಿತು.

ಟಾನ್ ಹಣ್ಣಿನ ಕೈಯನ್ನು ಗಾಳಿಯಲ್ಲೇ ಹಿಡಿದು ನೆನಪು ಮಾಡಿಕೊಂಡರು. "ಅಯ್ಯೋ, ಐ ಸೇ ಡುರಿಯನ್ ಕನ್ಫರ್ಮ್."

ಮಲೇಷ್ಯಾದಲ್ಲೂ 'ಅಯ್ಯೋ' ಎನ್ನುತ್ತಾರೆ. ಆ ಒಂದು ಪದ ಮಾತ್ರ ಅಂದು ರಾಮದಾಸರಿಗೆ ಸರಿಯಾಗಿ ಅರ್ಥವಾಯಿತು. ಬಾಯಿಗೆ ಯಾರೋ ಇಟ್ಟಿದ್ದ ಡುರಿಯನ್ ತೊಳೆಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತರು. ಮೈಸೂರುಪಾಕು ಕೈಯಲ್ಲಿ ಹಿಡಿದವರಿಗೂ ತಿನ್ನಬೇಕೋ ವಾಪಸು ಕೊಡಬೇಕೋ ತಿಳಿಯಲಿಲ್ಲ.

ಟಾನ್ ರಾಮದಾಸರನ್ನು ತಮ್ಮ ಕೋಣೆಗೆ ಕರೆದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಈಪೋದವರು ಕ್ಯಾನ್ ಅಂದಮೇಲೂ ನೀವು ಮತ್ತೆ ಮತ್ತೆ ಕೇಳಿದ್ದೇಕೆ ಎಂದರು. ನಿಮ್ಮ ಪತ್ರಗಳನ್ನು ಓದಿದ ಗಿರಾಕಿಗಳು ವಕೀಲರ ನೋಟೀಸು ಬಂದಿದೆಯೆಂದು ಹೆದರಿ ನನಗೆ ಫೋನು ಮಾಡುತ್ತಾರೆ ಎಂದರು. ಆರು ತಿಂಗಳಿಂದ ನೀವು ಹೇಳಿದ್ದರಲ್ಲಿ ಅರ್ಧ ನನಗೂ ತಿಳಿದಿಲ್ಲ ಎಂದು ಒಪ್ಪಿಕೊಂಡರು. ಆಮೇಲೆ ಮುಂದಕ್ಕೆ ಬಾಗಿ ಕೇಳಿದರು.

"ರಾಮದಾಸ್, ಯು ವಾಂಟ್ ಟು ಸ್ಟೇ ಆರ್ ನಾಟ್?"

ರಾಮದಾಸರು ಬಾಯಿ ತೆರೆದರು. ಸೊಗಸಾದ ವಾಕ್ಯಗಳೆಲ್ಲ ಎಲ್ಲಿ ಹೋದವೋ. ಪುಚೊಂಗ್‌ನ ಮನೆಯಲ್ಲಿ ಬೆಳಗಿನಿಂದ ಹೂರಣ ರುಬ್ಬುತ್ತಿರುವ ಹೆಂಡತಿ, ಈಗಷ್ಟೇ ಗೆಳತಿಯರು ಸಿಕ್ಕಿರುವ ಮಗಳು, ಇಬ್ಬರೂ ಕಣ್ಣ ಮುಂದೆ ಬಂದರು.

"ವಾಂಟ್, ಸರ್," ಎಂದರು.

"ಸೀ? ಲೈಕ್ ದಿಸ್ ಐ ಅಂಡರ್‌ಸ್ಟ್ಯಾಂಡ್."

ಪ್ರೊಬೇಷನ್ನನ್ನು ಇನ್ನು ಮೂರು ತಿಂಗಳು ಎಕ್ಸ್‌ಟೆಂಡ್ ಮಾಡುವುದಾಗಿ ಟಾನ್ ಹೇಳಿದರು. ಜೊತೆಗೆ ಒಂದು ಷರತ್ತನ್ನೂ ಹಾಕಿದರು. ಆ ಷರತ್ತು ಕೇಳಿದ ಮೇಲೆ ರಾಮದಾಸರಿಗೆ ಡುರಿಯನ್ನಿನ ವಾಸನೆ ಕೂಡ ತಿಳಿಯದಾಯಿತು.

ಮನೆಗೆ ಹೋಗುವ ದಾರಿಯಲ್ಲಿ ಲಾರಿಗಳ ನಡುವೆ ಕಾರು ಅಲುಗದೆ ನಿಂತಿತು. ಅದು ಇನ್ನಷ್ಟು ಹೊತ್ತು ನಿಂತಿರಲೆಂದು ಅವರು ದೇವರನ್ನು ಬೇಡಿಕೊಂಡರು. ವಾರಿಜಾಕ್ಷಿ ಫೋನು ಮಾಡಿ ಜನ ಆಗಲೇ ಬಂದಿದ್ದಾರೆ, ಪಕ್ಕದ ಮನೆಯಿಂದ ಕುರ್ಚಿ ತಂದೆವು ಎಂದರು. ಹಿನ್ನೆಲೆಯಲ್ಲಿ ನಗು ಕೇಳುತ್ತಿತ್ತು. ಇಷ್ಟು ದಿನ ಅಪನಂಬಿಕೆಯಿಂದಿದ್ದ ಹೆಂಡತಿಯ ದನಿಯಲ್ಲೂ ಸಂತೋಷವಿತ್ತು. ಅದನ್ನು ಕೇಳಿ ರಾಮದಾಸರಿಗೆ ಅಳುವೇ ಬಂತು. ನಂಬದೆ ಇದ್ದವಳನ್ನು ನಂಬಿಸಿ ಮುಳುಗಿಸಿದೆನಲ್ಲ ಎಂದು ಸ್ಟೇರಿಂಗಿಗೆ ಹಣೆ ಆನಿಸಿಕೊಂಡರು. ಹಿಂದಿನ ಲಾರಿಯವನು ಹಾರ್ನು ಹೊಡೆದ.

ಮನೆಯೊಳಗೆ ಕಾಲಿಟ್ಟೊಡನೆ ಚಪ್ಪಾಳೆ ಬಿತ್ತು. ಸಮೀಕ್ಷಾ ತಂದಿದ್ದ ಕೇಕಿನ ಮೇಲೆ ಅಪ್ಪನ ಹೆಸರೂ ಕನ್ಫರ್ಮ್ಡ್ ಎಂಬ ಪದವೂ ಕೆನೆಯಲ್ಲಿ ಮೂಡಿದ್ದವು. ನಝೀರ್ ಎಲ್ಲರನ್ನೂ ಸುಮ್ಮನಾಗಿಸಿದರು.

"ರಾಮದಾಸರು ಎರಡು ಮಾತು ಹೇಳ್ಬೇಕು ಮಾರಾಯ್ರೆ."

ನೇರವಾಗಿ ಹೇಳಿಬಿಡುವುದೆಂದು ರಾಮದಾಸರು ನಿರ್ಧರಿಸಿದರು. ಕೆಲಸ ಖಾಯಂ ಆಗಿಲ್ಲ ಎನ್ನಲು ಬೇಕಾದದ್ದು ಮೂರೇ ಪದ. ಆದರೆ ಅಷ್ಟೊಂದು ಮುಖಗಳು ನಗುತ್ತ ತಮ್ಮ ಕಡೆಗೇ ತಿರುಗಿದಾಗ ನಾಲಗೆ ತನ್ನ ಹಳೆಯ ಚಾಳಿ ಹಿಡಿಯಿತು.

"ಇವತ್ತು ಆಫೀಸಲ್ಲಿ... ಏನಂದ್ರೆ... ನನಗೆ ಎಕ್ಸ್‌ಟೆಂಡ್ ಮಾಡಿದಾರೆ."

ಮೊದಲಿಗಿಂತ ಜೋರಾದ ಚಪ್ಪಾಳೆ ಬಿತ್ತು.

"ಈಗ್ಲೇ ಎಕ್ಸ್‌ಟೆನ್ಷನ್ನಾ? ನಮಗೆಲ್ಲ ಕನ್ಫರ್ಮ್ ಆಗೋದೇ ದೊಡ್ಡ ಮಾತಾಗಿತ್ತು," ಎಂದರು ಮಾಂಟ್ ಕಿಯಾರಾದಿಂದ ಬಂದಿದ್ದ ಹಂಸಾ. "ರಾಮದಾಸರ ಇಂಗ್ಲಿಷಿನ ಮಹಿಮೆ ಅದು," ಎಂದು ನಝೀರ್ ಕೈ ಕುಲುಕಿದರು. ಯಾರೋ ಕೇಕು ಕತ್ತರಿಸಿ ಬಾಯಿಗೇ ತುರುಕಿದರು. ಇನ್ನು ನಿಜ ಹೇಳಬೇಕೆಂದರೂ ಬಾಯಿ ಖಾಲಿ ಇರಲಿಲ್ಲ.

ವಾರಿಜಾಕ್ಷಿಯವರೊಬ್ಬರು ಚಪ್ಪಾಳೆ ತಟ್ಟಿರಲಿಲ್ಲ. ಅವರು ಅಡುಗೆಮನೆಗೆ ನಡೆದರು. ರಾಮದಾಸರು ಹಿಂದೆಯೇ ಹೋದರು. ಹೆಂಚಿನ ಮೇಲೊಂದು ಹೋಳಿಗೆ ಬೇಯುತ್ತಿತ್ತು. ವಾರಿಜಾಕ್ಷಿ ಒಲೆ ಆರಿಸಿದರು.

"ಏನನ್ನ ಎಕ್ಸ್‌ಟೆಂಡ್ ಮಾಡಿದ್ದು? ಕೆಲಸಾನೋ, ಪ್ರೊಬೇಷನ್ನೋ?"

"ಪ್ರೊಬೇಷನ್ನು."

"ಎಷ್ಟು?"

"ಮೂರು ತಿಂಗಳು."

ಬೈಗುಳದ ಮಳೆ ಸುರಿಯುತ್ತದೆಂದು ರಾಮದಾಸರು ತಲೆ ತಗ್ಗಿಸಿದರು. ವಾರಿಜಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡರು, ಅಷ್ಟೇ. ಬೆಳಗಿನಿಂದ ಒಲೆಯ ಮುಂದಿದ್ದ ಮುಖ ಅದು. ಒರೆಸಿದ್ದು ಬೆವರೋ ಮತ್ತೇನೋ, ಕೇಳುವ ಧೈರ್ಯ ಅವರಿಗಾಗಲಿಲ್ಲ.

"ಹೋಗ್ಲಿ, ಕಳಿಸಿಲ್ವಲ್ಲ," ಎಂದರು ವಾರಿಜಾಕ್ಷಿ. "ತುಪ್ಪ ಬಡಿಸಿ ಹೋಗಿ. ಎಲ್ಲರೂ ಕೈ ತೊಳೆದ ಮೇಲೆ ಹೇಳೋಣ."

ರಾಮದಾಸರು ಕದಲಲಿಲ್ಲ.

"ಇನ್ನೂ ಏನಾದ್ರೂ ಇದೆಯಾ?"

"ಒಂದು ಷರತ್ತಿದೆ. ಪ್ರತಿ ಶನಿವಾರ ಕಂಪನಿಯೋರೇ ಕ್ಲಾಸಿಗೆ ಕಳಿಸ್ತಾರಂತೆ. ಅದರಲ್ಲಿ ಪಾಸಾದ್ರೆ ಮಾತ್ರ ಖಾಯಂ."

"ಯಾವ ಕ್ಲಾಸು? ಕಂಪ್ಯೂಟರಾ?"

ರಾಮದಾಸರು ತುಪ್ಪದ ಪಾತ್ರೆ ಎತ್ತಿಕೊಂಡು ಬಾಗಿಲ ಕಡೆ ತಿರುಗಿದರು.

"ಇಂಗ್ಲಿಷು."