ಬಾಟಲಿಯೊಳಗಿನ ಕೇರೆ

ಪ್ರೇಮಾನಂದ ಮಾಷ್ಟ್ರ ಆ ದಿನದ ಕಷ್ಟಕ್ಕೆಲ್ಲ ಕಾರಣ ಅವರ ಹೆಗಲ ಮೇಲಿನ ಬೈರಾಸು ಒಂದು ಗೇಣು ಗಿಡ್ಡವಾಗಿದ್ದದ್ದು.

ತಮ್ಮ ಹೈಸ್ಕೂಲಿಗೆ ಜೀವಶಾಸ್ತ್ರದ ಲ್ಯಾಬು ಬೇಕೆಂದು ಅವರು ಆರು ವರ್ಷಗಳಿಂದ ಬೆಂಗಳೂರಿಗೆ ಮನವಿ ಬರೆಯುತ್ತಿದ್ದರು. ಕಪ್ಪೆಯನ್ನು ಗದ್ದೆಯಲ್ಲಿ ಕಂಡರೆ ಸಾಲದು, ಮೇಜಿನ ಮೇಲೂ ಕಾಣಬೇಕು ಎಂಬುದು ಅವರ ವಾದ. ಒಂದಕ್ಕೂ ಉತ್ತರ ಬಂದಿರಲಿಲ್ಲ. ಆ ದಿನ ಆನೆಗುಡ್ಡೆ ದೇವಸ್ಥಾನಕ್ಕೆ ಬಂದ ಮಂತ್ರಿಗಳು ಎಳನೀರು ಕುಡಿಯಲು ಶಾಲೆಯಲ್ಲಿ ಹತ್ತು ನಿಮಿಷ ನಿಲ್ಲುವವರಿದ್ದರು. ಕಾಗದಕ್ಕೆ ಕರಗದವರು ಹಾವಿಗೆ ಕರಗಬಹುದೆಂದು, ಬಸ್ಸಿನಡಿ ಬಾಲ ಸಿಕ್ಕಿ ಸತ್ತಿದ್ದ ನಾಗರವನ್ನು ಫಾರ್ಮಲಿನ್ ಎಂಬ ಔಷಧ ತುಂಬಿದ ಬಾಟಲಿಯಲ್ಲಿಟ್ಟು, ಹೆಡೆ ಬೀಳದಂತೆ ಪೊರಕೆಯ ಹಿಡಿಕಡ್ಡಿ ಆನಿಸಿ, ಬೈರಾಸು ಸುತ್ತಿ ಹೊರಟರು.

ಬೇಲಿಯ ಬಳಿ ನೆರೆಮನೆಯ ಜಲಜಕ್ಕ ನಿಂತಿದ್ದರು.

“ಹ್ವಾಯ್ ಮಾಷ್ಟ್ರೇ, ಕಂಕ್ಳಗೆ ಎಂತ?”

“ಉಪ್ಪಿನ್‌ಕಾಯಿ.”

“ಉಪ್ಪಿನ್‌ಕಾಯಿಗೆ ಬಾಲ ಇತ್ತಾ?” ಎಂದವರೇ ಬೈರಾಸು ಎತ್ತಿದರು. ಎತ್ತಿದ ಕೈ ತಾನಾಗಿ ಮುಗಿಯಿತು. “ನಾಗರ ಅಲ್ದಾ! ಸಂಸ್ಕಾರ ಮಾಡ್ದೆ ಬಾಟ್ಲಿಗೆ ಹಾಕಿ ಇಟ್ಕಂಡಿದ್ರ್ಯಲೆ.”

ಸತ್ತ ನಾಗರ ಕಣ್ಣಿಗೆ ಬಿದ್ದರೆ ಮನುಷ್ಯರಿಗೆ ಮಾಡಿದಂತೆಯೇ ಕ್ರಿಯೆ ಮಾಡಿ ಸುಡಬೇಕು. ಕಂಡೂ ಬಿಟ್ಟವನಿಗೆ ದೋಷ. ಆದರೆ ಬಾಟಲಿ ಹೋದರೆ ಲ್ಯಾಬೂ ಹೋಯಿತು.

“ನಾಗರ ಅಲ್ಲ ಜಲಜಕ್ಕ, ಕೇರೆಹಾವ್.”

“ಕೇರೆಗೆ ಹೆಡಿ ಎಲ್ಲಿಂದ ಬಂತ್?”

“ಔಷಧದಗೆ ನೆನ್ದ್ ಬಾತದ್ದ್.”

ಜಲಜಕ್ಕ ನಲವತ್ತು ವರ್ಷ ಅಕ್ಕಿ ನೆನೆಸಿದವರು. ಹೀಗೆ ಬಾತದ್ದನ್ನು ಕಂಡಿರಲಿಲ್ಲ.

ಮಾಷ್ಟ್ರು ಶಾಲೆ ಮುಟ್ಟಿ, ಹೆಡೆಯ ಬೆನ್ನನ್ನು ಗೋಡೆಗೆ ತಿರುಗಿಸಿ ಬಾಟಲಿ ಇಡುವಷ್ಟರಲ್ಲಿ ಶಾಲಾ ಕಮಿಟಿಯ ಅಣ್ಣಯ್ಯ ಶೆಟ್ರು ಅರ್ಧ ಊರನ್ನು ಹಿಂದಿಟ್ಟುಕೊಂಡು ಬಂದರು. ಒಬ್ಬನ ತಲೆಯ ಮೇಲೆ ಕಟ್ಟಿಗೆಯೂ ಇತ್ತು.

“ಕಾಣಿ ಮಾಷ್ಟ್ರೇ, ನಾಗರ ಆದ್ರೆ ಈಗ್ಳೇ ಸುಡ್ಕ್. ಕೇರೆ ಆದ್ರೆ ನಮ್ಗೆಂತ, ಇಪ್ಲಿ. ನೀವ್ ಓದ್ದವ್ರ್, ನೀವ್ ಹೇಳದ್ದೇ ಸೈ.”

“ಕೇರೆ,” ಎಂದರು ಮಾಷ್ಟ್ರು, ಮಗ್ಗಿ ಮರೆತ ಹುಡುಗನಂತೆ ನೆಲ ನೋಡುತ್ತ.

ಅಷ್ಟರಲ್ಲಿ ಕಾರು ಬಂತು. ಮಂತ್ರಿಗಳು ಬಯಲುಸೀಮೆಯ ರೈತರು. ಎಳನೀರು ಹೀರುತ್ತ, ಮಾಷ್ಟ್ರು ಕೊಟ್ಟ ಮನವಿಯ ಮೂರೂ ಪುಟ ಓದಿದರು.

“ಹಳ್ಳಿ ಮಕ್ಕಳಿಗೆ ಜೀವಶಾಸ್ತ್ರ ಬೇಕು ಅಂತೀರಿ. ಸರಿ. ಇದ್ಯಾವ ಹಾವು ಮೇಷ್ಟ್ರೇ?”

ಮಂತ್ರಿಗಳ ಬೆನ್ನ ಹಿಂದೆ ಶೆಟ್ರ ಕಿವಿ, ಶೆಟ್ರ ಬೆನ್ನ ಹಿಂದೆ ಜಲಜಕ್ಕನ ಕಿವಿ, ಅದರ ಹಿಂದೆ ಕಟ್ಟಿಗೆ.

“ಕೇರೆ, ಸ್ವಾಮಿ.”

ಮಂತ್ರಿಗಳು ಬಾಟಲಿ ತಿರುಗಿಸಿದರು. ಹೆಡೆಯ ಬೆನ್ನಿನ ಮೇಲೆ ಕನ್ನಡಕದ ಗುರುತು ಅಚ್ಚೊತ್ತಿದಂತಿತ್ತು. ಅವರು ಹಾವನ್ನು ನೋಡಿದರು, ಮಾಷ್ಟ್ರನ್ನು ನೋಡಿದರು, ಮನವಿಯನ್ನು ಮತ್ತೊಮ್ಮೆ ನೋಡಿದರು.

“ಇದು ನಾಗರ ಅಂತ ನಮ್ಮ ಎಮ್ಮೆಗೂ ಗೊತ್ತಾಗುತ್ತೆ,” ಎಂದು ಕಾರ್ಯದರ್ಶಿಯ ಕಡೆ ತಿರುಗಿದರು. “ಈ ಮನವೀಲಿ ಬರೆದಿರೋದು ನೂರಕ್ಕೆ ನೂರು ನಿಜ ಕಣ್ರೀ. ಮೇಷ್ಟ್ರಿಗೇ ಹೀಗಾದ್ರೆ ಮಕ್ಕಳ ಗತಿ ಏನು? ಲ್ಯಾಬು ಈ ವರ್ಷವೇ ಕೊಡಿ. ಹಾವು ಗುರುತು ಹಿಡಿಯೋ ಒಬ್ಬ ಮೇಷ್ಟ್ರನ್ನೂ ಕೊಡಿ. ಇವರು ಡ್ರಿಲ್ಲು ಮಾಡಿಸಿಕೊಂಡಿರಲಿ.”

ಕಾರು ಹೋಯಿತು. ಶೆಟ್ರು ಮಾಷ್ಟ್ರ ಹೆಗಲ ಮೇಲೆ ಕೈಯಿಟ್ಟರು.

“ನಾಗರ ಅಂದೇಳಿ ಮಂತ್ರಿಗ್ಳೇ ಹೇಳ್ರಲೆ. ಮಿಂದ್ಕಂಡ್ ಬನ್ನಿ. ಕ್ರಿಯೆ ನಿಮ್ದೇ.”

ಶಾಲೆಯ ಹಿಂದಿನ ಮರಗಳ ಹಾಡಿಯಲ್ಲಿ ಔಷಧ ಕುಡಿದಿದ್ದ ಹಾವು ಕಣ್ಣುರಿಯುವ ಹೊಗೆ ಬಿಟ್ಟಿತು. ಊರಿಗೆ ಊರೇ ಕಣ್ಣೊರೆಸಿಕೊಂಡಿತು.

“ಸತ್ಯದ ನಾಗ. ಎಲ್ಲರ ಕಣ್ಣಗೂ ನೀರ್ ಬಂತ್,” ಎಂದರು ಜಲಜಕ್ಕ, ಸೆರಗಿನಿಂದ ಮೂಗು ಒತ್ತಿಕೊಳ್ಳುತ್ತ.

ಗಾಳಿ ಮಾತ್ರ ಪ್ರೇಮಾನಂದ ಮಾಷ್ಟ್ರ ಬೆನ್ನ ಕಡೆಯಿಂದ ಬೀಸುತ್ತಿತ್ತು. ಹೊಗೆ ಅವರತ್ತ ಸುಳಿಯಲೇ ಇಲ್ಲ. ಆದರೂ ಎಲ್ಲರಿಗಿಂತ ಹೆಚ್ಚು ಅತ್ತವರು ಅವರೇ.