ಮೂರು ಕಂಬ, ಒಂದು ಫ್ರೆಂಚ್ ಪದ

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಕೆಲಸವನ್ನು ಮಾತ್ರ ಒಂದು ದಿನವೂ ಬಿಟ್ಟವನಲ್ಲ. ಆನೇಮಹಲ್ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿ. ಸಂಜೆ ಹಣ್ಣು ತೂಗಲು ಮೂರು ಕಂಬ ನಿಲ್ಲಿಸಿ, ತುದಿ ಸೇರಿಸಿ ಬಿಗಿದು, ಕೊಕ್ಕೆಗೆ ತಕ್ಕಡಿ ನೇತುಹಾಕುವುದು ನನ್ನದೇ ಕೈಕೆಲಸ. ಅದು ಅಲುಗಿದ ಚರಿತ್ರೆಯೇ ಇರಲಿಲ್ಲ.

ಆ ವರ್ಷ ಕೊಯ್ಲಿನ ಹೊತ್ತಿಗೆ ಧಣಿಗಳ ಮನೆಗೆ ಫ್ರಾನ್ಸಿನಿಂದ ಒಬ್ಬ ಮೇಡಂ ಬಂದರು. ನನ್ನ ಕಂಬಗಳನ್ನು ಕಂಡವರೇ ನಕ್ಕು ಏನೋ ಹೇಳಿದರು. ಧಣಿಗಳ ಮಗಳು ಬಿಡಿಸಿ ಹೇಳಿದರು:

“ಮೇಸ್ತ್ರಿ, ಇವರ ಭಾಷೇಲಿ ಕೆಲ್ಸ ಮಾಡೋದಕ್ಕೆ ‘ತ್ರವಾಯೆ’ ಅಂತಾರೆ. ಹುಟ್ಟಿದ್ದು ಹಳೇ ಲ್ಯಾಟಿನ್ನಿಂದ. ‘ತ್ರಿ’ ಅಂದ್ರೆ ನಮ್ಮ ತ್ರಿಶೂಲದ ಮೂರೇ, ‘ಪಾಲುಸ್’ ಅಂದ್ರೆ ಗೂಟ. ಆಗ ಮೂರು ಗೂಟಕ್ಕೆ ಮನುಷ್ಯರನ್ನ ಕಟ್ಟಿ ಹಿಂಸೆ ಕೊಡ್ತಿದ್ರಂತೆ. ಆ ಹಿಂಸೆ ಅನ್ನೋ ಮಾತೇ ಬರ್ತಾ ಬರ್ತಾ ಕೆಲ್ಸ ಅಂತ ಆಯ್ತಂತೆ.”

ನನಗೆ ಮೈಯೆಲ್ಲ ಉರಿಯಿತು. “ಅಂಥ ಮಾತು ಅವರೂರಲ್ಲೇ ಇಟ್ಕೊಳ್ಳಲಿ ಅಕ್ಕಾವ್ರೆ. ಈ ಕಂಬ ಯಾರಿಗೂ ನೋವು ಮಾಡಿಲ್ಲ. ಬೇಕಾದ್ರೆ ನಾನೇ ನೇತಾಡಿ ತೋರಿಸ್ತೀನಿ.”

ಹಣ್ಣಿನ ಚೀಲ ಹಿಡಿದು ಸಾಲಿನಲ್ಲಿ ನಿಂತಿದ್ದ ನನ್ನ ಹೆಂಡತಿ ಕಮಲಿ, “ಸುಮ್ನೆ ತೂಗಿ ಮಾರಾಯ್ರೆ, ಮನೆಗೋಗ್ಬೇಕು” ಎಂದಳು. ಕೇಳುವವನೇ ನಾನು?

ಮೇಡಂ ಕ್ಯಾಮೆರಾ ತೆಗೆದರು. ಫೋಟೋ ಚೆನ್ನಾಗಿ ಬರಲೆಂದು ನಾನು ಕಂಬಗಳನ್ನು ಮಣ್ಣಿನಿಂದ ಕಿತ್ತು, ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ನಿಲ್ಲಿಸಿದೆ. ಮಣ್ಣಿನಲ್ಲಾದರೆ ಪ್ರತಿ ಬುಡಕ್ಕೂ ಗೇಣುದ್ದ ಗುಂಡಿ ತೋಡುತ್ತಿದ್ದೆ. ಸಿಮೆಂಟಿನಲ್ಲಿ ಏನು ತೋಡುವುದು? ತಕ್ಕಡಿ ಬಿಚ್ಚಿಟ್ಟು, ಕೊಕ್ಕೆ ಹಿಡಿದು, ಕಾಲೆತ್ತಿ ಜೋತುಬಿದ್ದೆ. ಮುಖಕ್ಕೆ ನಗುವನ್ನೂ ತಂದುಕೊಂಡೆ.

ಕಂಬಗಳು ಬಹಳ ಮರ್ಯಾದೆಯಿಂದ, ಒಂದೊಂದು ದಿಕ್ಕಿಗೆ, ಜಾರತೊಡಗಿದವು. ಕುಳಿತ ಭಂಗಿಯಲ್ಲೇ ನಾನು ಭೂಸ್ಪರ್ಶ ಮಾಡಿದೆ. ಒಂದು ಕಂಬ ಹೆಗಲ ಮೇಲೆ, ಇನ್ನೊಂದು ಮಡಿಲಲ್ಲಿ, ಮೂರನೆಯದು ಬೆನ್ನಿಗೆ. ಕೊಕ್ಕೆ ಅಂಗಿಯ ಕಾಲರಿನಲ್ಲಿ. ಏಳಲಾಗಲಿಲ್ಲ.

“ನೋವಾಯ್ತಾ ಮೇಸ್ತ್ರಿ?” ಎಂದರು ಅಕ್ಕಾವ್ರು.

“ಎಲ್ಲಿಂದ? ಆರಾಮಾಗೈತೆ.”

“ಹಂಗಾರೆ ಅಲ್ಲೇ ಇರ್ಲಿ ಬುಡಿ” ಎಂದಳು ಕಮಲಿ. “ಏ, ಆ ತಕ್ಕಡಿ ತಗೊಳ್ರೇ, ಹಲಸಿನ ಕೊಂಬೆಗೆ ಕಟ್ಟಾನ.”

ಹೆಂಗಸರೇ ಕಟ್ಟಿದರು. ಅಷ್ಟೂ ಹಣ್ಣು ತೂಗಿದ ಮೇಲೆ ನನ್ನನ್ನು ಬಿಡಿಸಿದರು. ಕೊಂಬೆಯೂ ಅಲುಗಲಿಲ್ಲ.

ಕೆಲವು ತಿಂಗಳ ಮೇಲೆ ಫ್ರಾನ್ಸಿನಿಂದ ಅಂಚೆಯಲ್ಲಿ ಫೋಟೋ ಬಂತು. ಬಿದ್ದ ಕಂಬಗಳ ನಡುವೆ ಸಿಕ್ಕಿಕೊಂಡು ಕೂತ ನಾನು. ಹಿಂದುಗಡೆ ‘ತ್ರವಾಯೆ’ ಎಂದು ಬರೆದಿದೆ ಎಂದರು ಅಕ್ಕಾವ್ರು. ಆ ಪದವನ್ನು ನಾನು ಈಗಲೂ ಒಪ್ಪಿಲ್ಲ, ಮುಂದೆಯೂ ಒಪ್ಪುವುದಿಲ್ಲ. ಫೋಟೋದಲ್ಲಿರುವ ಮುಖ ಮಾತ್ರ ಆಗಲೇ ಒಪ್ಪಿಕೊಂಡಂತಿದೆ.