ಪಟೇಲರ ದನಿ, ನನ್ನ ರುಜು

ಬೇರೆಯವರ ದನಿಯಲ್ಲಿ ಮಾತಾಡುವುದು ನನಗೆ ಹುಟ್ಟುಗುಣ. ನಾನು ಪಾಠ ಹೇಳುವ ಸ್ಕೂಲಿನ ಹೆಡ್‌ಮೇಷ್ಟರು ಮೂಗಿನಿಂದ ಮಗ್ಗಿ ಹೇಳಿಸುವುದು, ಬಾಬುರಾಯನಕೊಪ್ಪಲಿನ ನನ್ನ ಮನೆಯೊಡತಿ ಬಾಡಿಗೆ ಕೇಳುವ ಮುಂಚೆ ಕೆಮ್ಮುವುದು, ಎಲ್ಲವೂ ನನ್ನ ಗಂಟಲಲ್ಲಿವೆ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕು. ಈಚೆಗೆ ಆ ಕಷ್ಟವೂ ಇಲ್ಲ, ಏಕೆಂದರೆ ಮನೆಯಲ್ಲಿ ಕೇಳುವವರೇ ಇಲ್ಲ.

ಮೊದಲು ಒಬ್ಬನಿದ್ದ. ಹೊಣಕೆರೆ ಕಡೆಯ ಕಾಳೇಗೌಡ, ಬೆಲ್ಲದ ವ್ಯಾಪಾರಿ, ನನ್ನ ಪಾಲಿಗೆ ಕಾಳ. ಇಬ್ಬರಿಗೂ ಒಂದೇ ಕೋಣೆ, ಒಂದೇ ಒಲೆ. ನನ್ನ ಅಣಕ ಕಂಡರೆ ಅವನ ನಗು ಹೊಟ್ಟೆಯಲ್ಲೇ ಕುದಿದು ಕುದಿದು, ಆಮೇಲೆ ಬೆಲ್ಲದ ಕೊಪ್ಪರಿಗೆಯಂತೆ ಉಕ್ಕುತ್ತಿತ್ತು. ಅಂಥ ನಗುವಿಗಾಗಿ ಮನುಷ್ಯ ಏನು ಬೇಕಾದರೂ ಮಾಡುತ್ತಾನೆ. ನಾನು ಜಾಮೀನು ನಿಂತೆ.

ಶ್ರೀರಂಗಪಟ್ಟಣದ ಬೆಲ್ಲದ ಮಂಡಿಯ ಸಾಹುಕಾರರು ಕಾಳನಿಗೆ ನೂರು ರೂಪಾಯಿ ಕೊಡಲು ಒಪ್ಪಿದ್ದರು. ಭದ್ರತೆಗೆಂದು ಅವನು ಮೈಸೂರಿನ ಬ್ಯಾಂಕಿನ ಚೆಕ್ಕೊಂದನ್ನು ಮುಂದಿಟ್ಟ. ನಮ್ಮಲ್ಲಿ ಚೆಕ್ಕು ಕಂಡವರೇ ಕಡಿಮೆ. ಸಾಹುಕಾರರು ಅದನ್ನು ಬೆಳಕಿಗೆ ಹಿಡಿದು, "ಕಾಗ್ದ ಚೆಂದಾಗೈತೆ. ಇದ್ರ ಇಂದೆ ಒಬ್ಬ ಮನುಸ ಬೇಕಲ್ಲ" ಎಂದರು. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ನಮ್ಮ ಕೊಪ್ಪಲಿನ ಪಟೇಲರ ದನಿಯಲ್ಲಿ, ಇಲ್ಲದ ಮೀಸೆ ತಿರುವಿ, "ನಾನಿಲ್ವೇನ್ಲಾ? ಬರ್ಕೊ ನನ್ನೆಸ್ರ" ಎಂದೆ. ಮಂಡಿಯೇ ನಕ್ಕಿತು. ಕಾಳ ಉಕ್ಕಿದ. ಸಾಹುಕಾರರೂ ನಗುತ್ತಲೇ ಸಾಲದ ಪತ್ರವನ್ನು ನನ್ನ ಕಡೆ ತಳ್ಳಿದರು. ಅಷ್ಟು ಜನ ನಗುತ್ತಿರುವಾಗ ಹಿಂದೆಗೆಯುವುದು ಕಲಾವಿದನಿಗೆ ಸಲ್ಲದು. ರುಜು ಹಾಕಿದೆ. ಪಟೇಲರದಲ್ಲ, ನನ್ನದು.

ಬೆಲ್ಲದ ಧಾರಣೆ ಬಿತ್ತು. ಒಂದು ಬೆಳಗ್ಗೆ ಹಾಸಿಗೆ ಸುತ್ತಿಕೊಂಡು ಹೋದ ಕಾಳ ಮತ್ತೆ ಬರಲಿಲ್ಲ. ಚೆಕ್ಕು ಮಾತ್ರ ಮೈಸೂರಿಗೆ ಹೋಗಿ ತಪ್ಪದೆ ಹಿಂದಿರುಗಿತು, ಖಾತೆಯಲ್ಲಿ ಹಣವಿಲ್ಲವೆಂಬ ಚೀಟಿಯೊಡನೆ. ನಾನು ವಕೀಲರ ಬಳಿಗೆ ಓಡಿ, "ಮೊದಲು ಅವನನ್ನ ಹಿಡೀಲಿ ಸ್ವಾಮಿ, ಸಿಗದಿದ್ರೆ ನನ್ನ ಹತ್ರ ಬರ್ಲಿ" ಎಂದೆ. ಅವರು ನಶ್ಯ ಏರಿಸಿ, "ಜಾಮೀನುದಾರ ಅಂದ್ರೆ ಸಾಲಗಾರನ ಹಿಂದೆ ನಿಂತೋನಲ್ಲಪ್ಪ, ಪಕ್ಕದಲ್ಲಿ ನಿಂತೋನು. ಸಾಹುಕಾರ ಯಾರ ಕೈ ಬೇಕಾದ್ರೂ ಮೊದಲು ಹಿಡೀಬಹುದು. ನಿನಗೆ ಸರ್ಕಾರಿ ಸಂಬಳ ಬೇರೆ" ಎಂದರು. ನಾನು ತಮಾಷೆಗೆ ಅಂದದ್ದು ಎಂದು ಹೇಳಿದರೆ, "ಕಾಗದಕ್ಕೆ ಕಿವಿ ಇರೋಲ್ಲ" ಎಂದು ಸೀನಿದರು. ಆ ಮಾತನ್ನೂ ಆ ಸೀನನ್ನೂ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಮನೆ ಸೇರಿದೆ. ತೋರಿಸಲು ಯಾರೂ ಇರಲಿಲ್ಲ.

ಅಂದಿನಿಂದ ಸಂಬಳದ ಮಾರನೆಯ ದಿನ ಮಂಡಿಯ ಗುಮಾಸ್ತರು ಸಿದ್ದಪ್ಪನವರು ಕಂತಿಗೆ ಬರುತ್ತಾರೆ. ಉಳಿದವರೆಲ್ಲ ಮೇಷ್ಟ್ರು ಕೈಸಾಲ ಕೇಳಿಯಾನೆಂದು ಬೀದಿಯ ಆ ಬದಿ ಹಿಡಿಯುತ್ತಾರೆ. ನನ್ನ ಜಗಲಿಯ ಮೇಲೆ ಕೂರುವವರು ಇವರೊಬ್ಬರೇ. ಕಾಫಿ ಕೊಟ್ಟು, ಅವರ ಸಾಹುಕಾರರನ್ನೇ ಅವರಿಗೆ ಮಾಡಿ ತೋರಿಸುತ್ತೇನೆ. ನಗುವುದಿಲ್ಲ, ಲೋಟವನ್ನು ಮಾತ್ರ ನಿಧಾನವಾಗಿ ಖಾಲಿ ಮಾಡುತ್ತಾರೆ. ಹೋದ ತಿಂಗಳು ಕಾಳನ ನಗು ನಕ್ಕೆ. ಸಿದ್ದಪ್ಪನವರು ತಟ್ಟನೆ ಕೋಣೆಯ ಕಡೆ ತಿರುಗಿದರು.

"ಬಂದ್ಬುಟ್ನಾ ಅವ್ನು?"

"ಇಲ್ಲ, ನಾನೇ."

"ಅಂಗೇ ಇತ್ತಲ್ಲ ಮೇಷ್ಟ್ರೆ. ಇನ್ನೊಂದ್ಕಿತ ಮಾಡಿ."

ಮಾಡಲು ಹೋದೆ, ಬರಲಿಲ್ಲ. ಕಾಫಿ ಬಿಸಿ, ನಾಲಿಗೆ ಸುಟ್ಟಿತು ಎಂದೆ. ಅವರು ನನ್ನ ತಣ್ಣಗಿನ ಲೋಟವನ್ನೊಮ್ಮೆ ನೋಡಿ ಎದ್ದರು. "ಬರೋ ತಿಂಗ್ಳು ಕೊನೆ ಕಂತು. ಆಮ್ಯಾಕೆ ನನ್ ಕಾಟ ಇರಾಕಿಲ್ಲ ಬುಡಿ."

ಅದೇ ಈಗಿನ ತೊಂದರೆ. ಕೊನೆಯ ಕಂತಿನ ಹಣ ಪೂರ್ತಿ ಸಿದ್ಧವಾಗಿದೆ. ಅದರಲ್ಲಿ ಎಂಟಾಣೆ ತೆಗೆದು ರಾಗಿ ಮಡಕೆಯಲ್ಲಿ ಬಚ್ಚಿಟ್ಟಿದ್ದೇನೆ. "ಎಂಟಾಣೆ ಕಮ್ಮಿ ಬಿದ್ದಿದೆ, ಇನ್ನೊಂದು ಸಲ ಬನ್ನಿ" ಎಂದು ಹೇಳುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಪಟೇಲರ ದನಿ, ವಕೀಲರ ದನಿ, ಯಾವುದರಲ್ಲಿ ಹೇಳಿ ನೋಡಿದರೂ ಸರಿಹೋಗುತ್ತಿಲ್ಲ. ನನ್ನದರಲ್ಲೇ ಹೇಳಬೇಕಾಗುತ್ತದೆಂದು ಕಾಣುತ್ತದೆ.